ಕೋರ್ಟಿನ ಕಾಗದದಾಚೆ ಒಂದು ಹೆಸರು

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ, ಕೃಷ್ಣಾ ತೀರದ ಒಂದು ಹಳ್ಳಿ. ಮೂರು ವರ್ಷಗಳ ಹಿಂದೆ ನಮ್ಮ ಗೆಳೆಯನೊಬ್ಬನನ್ನು ಜಾತಿಯ ದ್ವೇಷದಿಂದ ಹೊಡೆದು ಕೊಂದರು. ಅವನಿಗೆ 24 ವರ್ಷ. ಪಂಪ್‌ಸೆಟ್ ಮೋಟರುಗಳ ರಿವೈಂಡಿಂಗ್ ಮಾಡುತ್ತಿದ್ದ. ಪ್ರಕರಣ ಇನ್ನೂ ವಿಚಾರಣೆಯಲ್ಲಿದೆ. ಅವನ ಬಗ್ಗೆ ಸಾಕ್ಷ್ಯಚಿತ್ರ ಮಾಡಿ, ಪ್ರತಿವರ್ಷ ಊರಿನಲ್ಲಿ ಒಂದು ಕಾರ್ಯಕ್ರಮ ನಡೆಸಬೇಕೆಂದು ನಾವು ಏಳೆಂಟು ಮಂದಿ ಯೋಚಿಸಿದ್ದೇವೆ. ‘ನನ್ನ ಮಗನ ಹೆಸರು ಕೋರ್ಟಿನ ಕಾಗದದಾಗ ಅಷ್ಟ ಉಳದೈತಿ’ ಎಂದು ಅವನ ತಾಯಿ ಹೇಳುತ್ತಾರೆ. ಊರ ಹಿರಿಯರು ಮಾತ್ರ ‘ಆರಿದ ಗಾಯ ಯಾಕ ಕೆದರತೀರಿ’ ಎನ್ನುತ್ತಾರೆ. ನಾವು ಹೇಗೆ ಮುಂದುವರಿಯಬೇಕು?

ಉತ್ತರ: ಹಿರಿಯರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ನಿಮ್ಮ ಊರಿನಲ್ಲೇ ಇದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ, ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲಿ ಕೂಡ, ಮೊಹರಂ ಬಂತೆಂದರೆ ಅಲಾವಿ ಕುಣಿ ತೋಡಿ, ಪಂಜಾ ಕೂರಿಸಿ, ರಾತ್ರಿಯಿಡೀ ರಿವಾಯತ್ ಪದ ಹಾಡುತ್ತಾರೆ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ನೀರಿಗಾಗಿ ಬಾಯಾರಿ ಕೊಲೆಯಾದವರ ಸಂಕಟ ಆ ಪದಗಳಲ್ಲಿದೆ. ಹದಿಮೂರು ಶತಮಾನಗಳ ಹಿಂದೆ, ಕಾಣದ ದೇಶದಲ್ಲಿ ಸತ್ತವರಿಗಾಗಿ ವರ್ಷ ವರ್ಷ ಕಣ್ಣೀರಿಡುವ ಸೀಮೆ ನಮ್ಮದು. ಅಂಥ ಕಡೆ, ಮೂರು ವರ್ಷಗಳ ಹಿಂದೆ ತಮ್ಮದೇ ಓಣಿಯಲ್ಲಿ ಸತ್ತ ಹುಡುಗನ ಹೆಸರೆತ್ತಬೇಡಿ ಎಂದು ಹಿರಿಯರು ಹೇಳುತ್ತಿದ್ದರೆ, ಗಾಯ ಆರಿದೆ ಎಂಬುದು ಅದಕ್ಕೆ ಕಾರಣವಾಗಿರಲಾರದು. ಆರಿದ್ದರೆ ಅದು ಮೊದಲು ಅವನ ತಾಯಿಗೆ ಗೊತ್ತಾಗುತ್ತಿತ್ತು. ‘ಆವತ್ತು ನೀವೆಲ್ಲಿದ್ದಿರಿ’ ಎಂದು ಯಾರಾದರೂ ಕೇಳಿಬಿಟ್ಟಾರು ಎಂಬ ಅಂಜಿಕೆ ಅವರಲ್ಲಿದೆ ಎಂದು ನನಗೆ ಅನಿಸುತ್ತದೆ. ಆ ಅಂಜಿಕೆಯನ್ನು ಹೀಗಳೆಯಬೇಡಿ. ನಿಮ್ಮ ಚಿತ್ರ ಕೊನೆಗೂ ಮುಟ್ಟಬೇಕಾದ ಜಾಗ ಅದೇ.

ಗೆಳೆಯ ಹೇಗೆ ಸತ್ತ ಎಂಬುದನ್ನು ನ್ಯಾಯಾಲಯ ವಿಚಾರಿಸುತ್ತಿದೆ. ಅದನ್ನು ಅಲ್ಲಿಗೇ ಬಿಡಿ. ಅವನು ಹೇಗೆ ಬದುಕಿದ್ದ, ಮತ್ತು ಕೊಲೆಗೆ ಮೊದಲು ನಮ್ಮ ಊರಿಗೆ ಏನೇನು ಗೊತ್ತಿತ್ತು ಎಂಬ ಎರಡು ಪ್ರಶ್ನೆಗಳನ್ನು ನೀವು ಕೈಗೆತ್ತಿಕೊಳ್ಳಿ. ಎರಡನೆಯದು ಕಠಿಣವಾದದ್ದು. ಸಾಕ್ಷ್ಯಚಿತ್ರವೊಂದು ಸಮುದಾಯದ ಕೆಲಸವಾಗಿ ಬದಲಾಗುವುದು ಆ ಪ್ರಶ್ನೆಯ ಬಲದಿಂದಲೇ ಎಂಬುದಕ್ಕೆ ಒಂದು ಪಟ್ಟಣದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿ ಪ್ಯಾಚೋಗ್ ಎಂಬ ಸಣ್ಣ ಊರಿದೆ. ಈಕ್ವೆಡಾರಿನಿಂದ ದುಡಿಯಲು ಬಂದು, ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ ಮಾಡಿ ತಾಯಿಗೆ ಹಣ ಕಳಿಸುತ್ತಿದ್ದ 37 ವರ್ಷದ ಮಾರ್ಸೆಲೊ ಲುಸೆರೊ ಅವರನ್ನು 2008ರ ನವೆಂಬರ್ 8ರ ರಾತ್ರಿ ರೈಲು ನಿಲ್ದಾಣದ ಬಳಿ ಏಳು ಮಂದಿ ಹದಿಹರೆಯದ ಹುಡುಗರು ಸುತ್ತುವರಿದರು. ಅವರಲ್ಲೊಬ್ಬ ಚೂರಿಯಿಂದ ಇರಿದ. ಆಮೇಲೆ ಹೊರಬಿದ್ದ ಸಂಗತಿ ಇನ್ನೂ ಭಯಂಕರವಾಗಿತ್ತು. ವಲಸಿಗರನ್ನು ಹುಡುಕಿಕೊಂಡು ಹೋಗಿ ಹೊಡೆಯುವುದು ಆ ಹುಡುಗರಿಗೆ ಒಂದು ಆಟದಂತೆ ಆಗಿಹೋಗಿತ್ತು. ಪೆಟ್ಟು ತಿಂದ ಎಷ್ಟೋ ಮಂದಿ, ಪೊಲೀಸರು ತಮ್ಮ ಮಾತನ್ನು ನಂಬುವುದಿಲ್ಲ ಅಥವಾ ತಿರುಗಿ ತಮ್ಮದೇ ಕಾಗದಪತ್ರ ಕೇಳುತ್ತಾರೆ ಎಂದು ಹೆದರಿ ಸುಮ್ಮನಿದ್ದರು. ಸಂಜೆಯ ಇಂಗ್ಲಿಷ್ ತರಗತಿಗೆ ಬರಲು ವಲಸಿಗರು ಅಂಜುತ್ತಿದ್ದಾರೆ, ದಾರಿಯಲ್ಲಿ ಹಲ್ಲೆಗಳಾಗುತ್ತಿವೆ ಎಂಬುದು ಊರಿನ ಗ್ರಂಥಾಲಯದ ಸಿಬ್ಬಂದಿಯ ಕಿವಿಗೆ ಕೊಲೆಗೆ ಮೊದಲೇ ಬಿದ್ದಿತ್ತು, ಅವರು ಅದನ್ನು ಮೇಯರಿಗೆ ತಿಳಿಸಿಯೂ ಇದ್ದರು. ಅಷ್ಟರಲ್ಲಿ ಕೊಲೆ ನಡೆದುಹೋಯಿತು.

ಈ ಘಟನೆಯ ನಂತರದ ದಿನಗಳನ್ನು ಬೆನ್ನುಹತ್ತಿ ‘ನಾಟ್ ಇನ್ ಅವರ್ ಟೌನ್’ ಎಂಬ ಬಳಗ 2011ರಲ್ಲಿ ಒಂದು ಸಾಕ್ಷ್ಯಚಿತ್ರ ಹೊರತಂದಿತು. ಅದರಲ್ಲಿ ಲುಸೆರೊ ಅವರ ತಮ್ಮ ಜೊಸೆಲೊ ಇದ್ದಾರೆ, ಮೇಯರ್ ಇದ್ದಾರೆ, ನಮ್ಮೂರಿನ ಮಕ್ಕಳು ಇಂಥದ್ದನ್ನು ಹೇಗೆ ಮಾಡಿದರು ಎಂದು ತಳಮಳಿಸುವ ಸಾಮಾನ್ಯ ಜನರಿದ್ದಾರೆ. ಜೊಸೆಲೊ ಮುಂದೆ ಶಾಲೆಗಳಿಗೆ ಹೋಗಿ, ಕೊಲೆ ಮಾಡಿದವರ ವಯಸ್ಸಿನದೇ ಮಕ್ಕಳೆದುರು ಅಣ್ಣನ ಬಗ್ಗೆ ಮಾತನಾಡತೊಡಗಿದರು. ಪೊಲೀಸ್ ಇಲಾಖೆಯ ನಡವಳಿಕೆಯ ಮೇಲೆ ಅಮೆರಿಕದ ನ್ಯಾಯ ಇಲಾಖೆಯ ತನಿಖೆ ನಡೆದು, ಸುಧಾರಣೆಯ ಒಪ್ಪಂದಕ್ಕೆ ಅಲ್ಲಿನ ಪೊಲೀಸರು ಸಹಿ ಹಾಕಬೇಕಾಯಿತು. ಈ ಎಲ್ಲವನ್ನೂ ಒಂದು ಚಿತ್ರ ಸಾಧಿಸಿತು ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಊರು ಏನೇನನ್ನು ಕಂಡೂ ಕಾಣದಂತಿತ್ತು ಎಂಬುದನ್ನು ಆ ಚಿತ್ರ ಊರಿನವರ ಬಾಯಿಂದಲೇ ಹೇಳಿಸಿತು. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಕೆಲಸ.

ಈಗ ನಿಮ್ಮ ಊರನ್ನು ನೆನೆಯಿರಿ. ಚಹಾದ ಅಂಗಡಿಯಲ್ಲಿ ಬೇರೆ ಲೋಟ ಇತ್ತೇ? ಕ್ಷೌರದಂಗಡಿಯಲ್ಲಿ ಯಾರನ್ನು ಕೂರಿಸುತ್ತಿರಲಿಲ್ಲ? ಕೇರಿಯ ಮದುವೆಯ ಮೆರವಣಿಗೆ ಯಾವ ಓಣಿಯವರೆಗೆ ಬಂದು ಯಾರ ಮಾತಿಗೆ ಹಿಂದಿರುಗಿತು? ಘಟನೆಗೆ ಹಿಂದಿನ ವಾರಗಳಲ್ಲಿ ಯಾರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಏನಿತ್ತು, ಅದನ್ನು ನೋಡಿ ನಕ್ಕು ಮುಂದೆ ಹೋದವರು ಎಷ್ಟು ಮಂದಿ? ಆ ನಕ್ಕವರಲ್ಲಿ ನಿಮ್ಮ ಬಳಗದವರೂ ಇದ್ದಿರಬಹುದು. ಹಾಗಿದ್ದರೆ ಚಿತ್ರ ಅವರ ಮಾತಿನಿಂದಲೇ ಶುರುವಾಗಲಿ. ತಾವು ಮೊದಲು ಒಪ್ಪಿಕೊಂಡವರು ಕೇಳಿದಾಗ ಹಿರಿಯರಿಗೂ ಬಾಯಿ ಬಿಡುವ ಧೈರ್ಯ ಬರುತ್ತದೆ. ಬಿಡಿಸಲು ಅಡ್ಡ ಹೋದವರು ಯಾರಾದರೂ ಇದ್ದರೇ ಎಂಬುದನ್ನೂ ಮರೆಯದೆ ವಿಚಾರಿಸಿ. ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು 2017ರ ಫೆಬ್ರವರಿ 22ರಂದು ಕಾನ್ಸಾಸ್ ರಾಜ್ಯದ ಓಲೇಥ ಊರಿನಲ್ಲಿ ‘ನನ್ನ ದೇಶ ಬಿಟ್ಟು ಹೋಗು’ ಎಂದು ಕೂಗಿ ಗುಂಡಿಕ್ಕಿದಾಗ, ಗುರುತು ಪರಿಚಯವಿಲ್ಲದ ಇಯಾನ್ ಗ್ರಿಲಟ್ ಎಂಬ ಸ್ಥಳೀಯ ಯುವಕ ತಡೆಯಲು ಮುಂದಾಗಿ ತಾನೂ ಗುಂಡು ತಿಂದು ಬದುಕುಳಿದ. ಶ್ರೀನಿವಾಸರ ಪತ್ನಿ ಸುನಯನಾ ದುಮಾಲಾ ಮುಂದೆ ‘ಫಾರೆವರ್ ವೆಲ್ಕಮ್’ ಎಂಬ ಸಂಸ್ಥೆ ಕಟ್ಟಿ ಅದೇ ನೆಲದಲ್ಲಿ ಕೆಲಸ ಮಾಡಿದರು. ಅಡ್ಡ ಬಂದವರ ಕಥೆ ಸೇರಿದಾಗ ಮಾತ್ರ, ಬೇರೆ ರೀತಿ ನಡೆದುಕೊಳ್ಳುವುದು ಅಲ್ಲಿಯೂ ಸಾಧ್ಯವಿತ್ತು ಎಂಬುದು ನೋಡುವವರಿಗೆ ಹೊಳೆಯುತ್ತದೆ.

ಇನ್ನು ಅವನ ಬದುಕು. ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ರಿವೈಂಡಿಂಗ್ ಎಂಬ ಮಾತಿನ ಬಳಿ. ಸುಟ್ಟ ಮೋಟರಿನ ಹಳೆಯ ತಾಮ್ರದ ತಂತಿ ಕಿತ್ತು, ಸ್ಲಾಟುಗಳನ್ನು ಒರೆಸಿ, ಸುತ್ತು ಎಣಿಸಿ ಹೊಸ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವ ಕೆಲಸ ಅದು. ಸುತ್ತಿನ ಲೆಕ್ಕ ತಪ್ಪಿದರೆ ಮತ್ತೆ ಸುಡಬಹುದು. ಕಬ್ಬಿಗೆ ನೀರು ಬೇಕಾದಾಗ ಮೋಟರು ಕೈಕೊಟ್ಟರೆ ರೈತ ಜಾತಿ ನೋಡುವುದಿಲ್ಲ, ರಾತ್ರಿ ಹನ್ನೊಂದಕ್ಕೂ ರಿವೈಂಡಿಂಗಿನ ಹುಡುಗನ ಬಾಗಿಲು ಬಡಿಯುತ್ತಾನೆ. ಅವನು ಸುತ್ತಿದ ಮೋಟರುಗಳಲ್ಲಿ ಎಷ್ಟೋ ಇವತ್ತಿಗೂ ನದಿಯಿಂದ, ಬಾವಿಯಿಂದ, ಬೋರಿನಿಂದ ನೀರೆತ್ತುತ್ತಿರಬೇಕು. ಅಂಥ ಹೊಲಗಳನ್ನು ಹುಡುಕಿ. ಅವನ ಲೆಕ್ಕದ ನೋಟ್‌ಬುಕ್ ಉಳಿದಿದ್ದರೆ ಅದರಲ್ಲಿ ಹೆಸರುಗಳಿರುತ್ತವೆ, ಬಾಕಿಯೂ ಇರುತ್ತದೆ. ಒಬ್ಬೊಬ್ಬ ರೈತನ ಬಳಿ ಹೋಗಿ, ಕೊಲೆಯ ವಿಷಯ ಎತ್ತದೆ, ‘ಈ ಮೋಟರು ಅವ ಕಟ್ಟಿದ್ದೇನ್ರೀ?’ ಎಂದಷ್ಟೇ ಕೇಳಿ. ಊರಿನ ಎರಡೂ ಭಾಗದವರು ಮಾತನಾಡಬಲ್ಲ ವಿಷಯವೊಂದು ಅವನ ಕೈಕೆಲಸದ ರೂಪದಲ್ಲಿ ನಿಮಗೆ ಸಿಕ್ಕಿದೆ. ಮೋಟರು ಚಾಲೂ ಆಗುವ ಸದ್ದು, ಪೈಪಿನ ಬಾಯಿಗೆ ನೀರು ಬಂದು ಬೀಳುವ ಗಳಿಗೆ, ಇವು ಯಾವ ಹಿನ್ನೆಲೆ ಸಂಗೀತಕ್ಕಿಂತಲೂ ನಿಮ್ಮ ಚಿತ್ರಕ್ಕೆ ಹೆಚ್ಚು ಒಪ್ಪುತ್ತವೆ. ಆ ಮೋಟರು ಒಯ್ದು ಕೊಟ್ಟಾಗ ಅವನನ್ನು ಮನೆಯ ಒಳಗೆ ಕರೆದಿದ್ದಿರೋ, ಕಟ್ಟೆಯ ಮೇಲೆಯೇ ಕೂರಿಸಿದ್ದಿರೋ ಎಂಬ ಪ್ರಶ್ನೆಯನ್ನು ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ ಕೇಳಿದರೆ ಸಾಕು.

ತಾಯಿಯ ವಿಚಾರದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಚಿತ್ರ ಮುಗಿಸಿ, ಊರಿನ ಪಟಾಂಗಣದಲ್ಲಿ ಮೊದಲ ಪ್ರದರ್ಶನ ಇಟ್ಟುಕೊಂಡಿದ್ದೆ. ಸತ್ತ ಹುಡುಗನ ತಾಯಿಯನ್ನು ಗೌರವದಿಂದ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಮಗ ಕೊನೆಗಳಿಗೆಯಲ್ಲಿ ನೀರು ಕೇಳಿದ್ದನೆಂದು ನೆರೆಯವರೊಬ್ಬರು ಚಿತ್ರದಲ್ಲಿ ಹೇಳಿದ್ದರು. ಆ ಮಾತನ್ನು ಆ ತಾಯಿ ಬದುಕಿನಲ್ಲಿ ಮೊದಲ ಬಾರಿಗೆ, ಮುನ್ನೂರು ಜನರ ನಡುವೆ, ಪರದೆಯಿಂದ ಕೇಳಿದರು. ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಅವರನ್ನು ಹಾಗೆ ಕೂರಿಸಿದ್ದು ಅಕ್ಷಮ್ಯ ಅಜಾಗರೂಕತೆ. ಅದರ ನೋವು ನನ್ನಲ್ಲಿ ಇಂದಿಗೂ ಇದೆ. ಆದ್ದರಿಂದ ಕಚ್ಚಾ ಸಂಕಲನ ಆದೊಡನೆ ತಾಯಿಯ ಮನೆಯಲ್ಲೇ, ಅವರು ಬೇಕೆಂದವರನ್ನಷ್ಟೇ ಕರೆದು, ತೋರಿಸಿ. ಕಠಿಣವಾದ ಭಾಗ ಬರುವ ಮೊದಲು ಬಾಯಿಯಿಂದ ಹೇಳಿ. ಅವರು ಬೇಡವೆಂದದ್ದನ್ನು ಕಾರಣ ಕೇಳದೆ ತೆಗೆಯಿರಿ. ಇವತ್ತು ಹೂಂ ಎಂದವರು ನಾಳೆ ಬೇಡ ಎನ್ನಬಹುದು. ಆ ಹಕ್ಕು ಕೊನೆಯ ದಿನದವರೆಗೂ ಅವರದು.

ಶವದ ಫೋಟೊಗಳು ಫೋನಿನಿಂದ ಫೋನಿಗೆ ಹರಿದಾಡಿರುತ್ತವೆ ಎಂದು ಊಹಿಸುತ್ತೇನೆ. ಅವನ್ನು ಬಳಸಬೇಡಿ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14 ವರ್ಷದ ಕಪ್ಪು ಬಾಲಕ ಎಮ್ಮೆಟ್ ಟಿಲ್‌ನ ಜರ್ಜರಿತ ಮುಖವನ್ನು ಜಗತ್ತು ನೋಡಿತು, ಅದು ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಕ್ಕೆ ಕಿಡಿ ಹೊತ್ತಿಸಿತು ಎಂಬ ಉದಾಹರಣೆಯನ್ನು ಯಾರಾದರೂ ನಿಮಗೆ ಕೊಡಬಹುದು. ಶಿಕಾಗೊದಲ್ಲಿ ಶವಪೆಟ್ಟಿಗೆಯನ್ನು ತೆರೆದಿಡಬೇಕೆಂದು ತೀರ್ಮಾನಿಸಿದವರು ಅವನ ತಾಯಿ ಮ್ಯಾಮಿ ಟಿಲ್. ಆ ತೀರ್ಮಾನವನ್ನು ಆ ತಾಯಿಯ ಪರವಾಗಿ ಮತ್ತೊಬ್ಬರು ತೆಗೆದುಕೊಳ್ಳುವಂತಿರಲಿಲ್ಲ.

ಕಾನೂನಿನ ಬಗ್ಗೆ. ಪ್ರಕರಣ 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆಯಡಿ ನಡೆಯುತ್ತಿದ್ದರೆ, ಸಾಕ್ಷಿದಾರರ ಪಟ್ಟಿಯಲ್ಲಿರುವ ಯಾರನ್ನೂ, ಅವರ ಸಾಕ್ಷ್ಯ ನ್ಯಾಯಾಲಯದಲ್ಲಿ ಮುಗಿಯುವವರೆಗೆ, ಘಟನೆಯ ಬಗ್ಗೆ ಕ್ಯಾಮೆರಾದೆದುರು ಮಾತನಾಡಿಸಬೇಡಿ. ಚಿತ್ರದಲ್ಲಿ ಆಡಿದ ಮಾತಿಗೂ ಕಟಕಟೆಯಲ್ಲಿ ಆಡಿದ ಮಾತಿಗೂ ಕೂದಲೆಳೆಯ ವ್ಯತ್ಯಾಸ ಬಂದರೂ, ಪಾಟೀ ಸವಾಲಿನಲ್ಲಿ ಅದನ್ನೇ ಹಿಡಿದು ಸಾಕ್ಷಿಯನ್ನು ಕೆಡವಲು ಪ್ರತಿವಾದಿ ವಕೀಲರಿಗೆ ಅವಕಾಶ ಸಿಗುತ್ತದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳು ಖುಲಾಸೆಯಾದದ್ದು ಕನ್ನಡ ನಾಡು ಮರೆಯಬಾರದ ಪಾಠ. ನಿಮ್ಮ ಉತ್ಸಾಹ ಅಂಥದ್ದಕ್ಕೆ ಎಳೆಯಷ್ಟೂ ನೆರವಾಗಬಾರದು. ಚಿತ್ರೀಕರಣಕ್ಕೆ ಮುನ್ನ ವಿಶೇಷ ಸರ್ಕಾರಿ ಅಭಿಯೋಜಕರನ್ನು ಭೇಟಿಯಾಗಿ ಯಾರನ್ನು ಮುಟ್ಟಬಾರದೆಂದು ಕೇಳಿಕೊಳ್ಳಿ. ಆರೋಪಿಗಳನ್ನು ‘ಕೊಲೆಗಾರರು’ ಎಂದು ಹೆಸರು ಹಿಡಿದು ಕರೆಯುವುದು ತೀರ್ಪಿಗೆ ಮೊದಲು ಸಲ್ಲದು. ತೀರ್ಪು ಬಂದ ಮೇಲೂ ಅವರ ಹೆಸರಿಗಿಂತ ನಿಮ್ಮ ಗೆಳೆಯನ ಹೆಸರೇ ಜನರ ಬಾಯಲ್ಲಿ ಉಳಿಯುವಂತೆ ಚಿತ್ರವನ್ನು ಕಟ್ಟುವುದು ಒಳ್ಳೆಯದು. ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಮು ಸಂತ್ರಸ್ತರಿಗೆ ಮತ್ತು ಅವರ ಅವಲಂಬಿತರಿಗೆ ವಿಚಾರಣೆಯ ಮಾಹಿತಿ ಪಡೆಯುವ, ಜಾಮೀನಿನಂಥ ಹಂತಗಳಲ್ಲಿ ತಮ್ಮ ಮಾತು ಹೇಳುವ ಹಕ್ಕು ಕೊಟ್ಟಿದೆ. ತಾಯಿಗೆ ಇದು ತಿಳಿದಿದೆಯೇ ಎಂದು ಮೊದಲು ನೋಡಿ. ಕೋರ್ಟಿನ ತಾರೀಖಿಗೆ ಅವರ ಜೊತೆ ಬಸ್ಸಿನಲ್ಲಿ ಹೋಗಿಬರಲು ನಿಮ್ಮಲ್ಲಿ ಇಬ್ಬರು ಸರದಿಯಂತೆ ಸಿದ್ಧರಾದರೆ, ಚಿತ್ರ ಶುರುವಾಗುವ ಮುನ್ನವೇ ಸ್ಮರಣೆಯ ಕೆಲಸ ಶುರುವಾದಂತೆ.

ಊರು ಮತ್ತು ಕೇರಿ ಒಂದೇ ಘಟನೆಯನ್ನು ಬೇರೆ ಬೇರೆಯಾಗಿ ನೆನೆಯುತ್ತವೆ. ಟೆಕ್ಸಸ್ ರಾಜ್ಯದ ಜಾಸ್ಪರ್ ಎಂಬ ಊರಿನಲ್ಲಿ 1998ರ ಜೂನ್ 7ರಂದು ಜೇಮ್ಸ್ ಬರ್ಡ್ ಎಂಬ ಕಪ್ಪು ಮನುಷ್ಯನನ್ನು ಮೂವರು ಬಿಳಿಯರು ಟ್ರಕ್ಕಿಗೆ ಕಟ್ಟಿ ಎಳೆದು ಕೊಂದಾಗ, ಆ ಊರಿನ ಕುರಿತ ಸಾಕ್ಷ್ಯಚಿತ್ರಕ್ಕೆ ಇಬ್ಬರು ನಿರ್ದೇಶಕರು ಎರಡು ತಂಡ ಕಟ್ಟಿದರು. ಕಪ್ಪು ತಂಡ ಕಪ್ಪು ಜನರನ್ನು, ಬಿಳಿ ತಂಡ ಬಿಳಿ ಜನರನ್ನು ಮಾತನಾಡಿಸಿತು. ತಮ್ಮವರೆದುರು ಜನ ಮುಚ್ಚುಮರೆಯಿಲ್ಲದೆ ಆಡಿದ ಮಾತುಗಳನ್ನು ಒಂದೇ ಚಿತ್ರದಲ್ಲಿ ಪಕ್ಕಪಕ್ಕ ಇಟ್ಟಾಗ, ಒಂದೇ ಊರಿನೊಳಗೆ ಎರಡು ಊರುಗಳು ಕಂಡವು. ನಿಮ್ಮ ಬಳಗದಲ್ಲಿ ಎರಡೂ ಕಡೆಯವರಿದ್ದರೆ ಈ ಕ್ರಮವನ್ನು ಅನುಸರಿಸಬಹುದು. ಇಲ್ಲದಿದ್ದರೆ ಊರ ಕಡೆಯ ಒಬ್ಬರನ್ನಾದರೂ ಸೇರಿಸಿಕೊಳ್ಳಿ. ಜಾಸ್ಪರಿನ ಸ್ಮಶಾನದಲ್ಲಿ ಕಪ್ಪು ಗೋರಿಗಳನ್ನೂ ಬಿಳಿ ಗೋರಿಗಳನ್ನೂ ಬೇರ್ಪಡಿಸುವ ಕಬ್ಬಿಣದ ಬೇಲಿಯೊಂದಿತ್ತು. ಬರ್ಡ್ ಅವರ ಕೊಲೆಯ ಬಳಿಕ, 1999ರ ಜನವರಿಯಲ್ಲಿ, ಊರವರು ಅದನ್ನು ಕಿತ್ತುಹಾಕಿದರು. ಮುಂದೆ ದುಷ್ಕರ್ಮಿಗಳು ಬರ್ಡ್ ಅವರ ಗೋರಿಯನ್ನೇ ವಿರೂಪಗೊಳಿಸಿದ್ದರಿಂದ ಆ ಒಂದು ಗೋರಿಗೆ ಬೇಲಿ ಹಾಕಬೇಕಾಯಿತು. ಊರು ಬದಲಾಗುವುದೂ ಬದಲಾಗದೆ ಉಳಿಯುವುದೂ ಎರಡೂ ಆ ಸ್ಮಶಾನದಲ್ಲಿವೆ. ಕೇರಿಯವರಿಗೆ ಬೇರೆ ಸ್ಮಶಾನ, ಅದಕ್ಕೆ ದಾರಿಯ ತಕರಾರು ನಿಮ್ಮ ಊರಿನಲ್ಲೂ ಇದ್ದರೆ, ಗ್ರಾಮಸಭೆಯ ಮುಂದಿಡಬೇಕಾದ ಮೊದಲ ಬೇಡಿಕೆ ಅದೇ ಆಗಬಹುದು.

ಪ್ರತಿಮೆ, ನಾಮಫಲಕಗಳಿಗೆ ಅವಸರ ಮಾಡಬೇಡಿ. ನಮ್ಮ ಭಾಗದಲ್ಲಿ ಅವು ಬೇಗ ಪೊಲೀಸ್ ಬಂದೋಬಸ್ತಿನ ವಿಷಯವಾಗುತ್ತವೆ. ಎಮ್ಮೆಟ್ ಟಿಲ್‌ನ ಶವ ಸಿಕ್ಕ ನದಿ ದಡದ ಫಲಕಕ್ಕೂ ಪದೇಪದೇ ಗುಂಡು ಹಾರಿಸಿದ್ದರಿಂದ 2019ರಲ್ಲಿ ಗುಂಡು ನಿರೋಧಕ ಫಲಕ ನಿಲ್ಲಿಸಬೇಕಾಯಿತು. ಗೆಳೆಯನ ಹೆಸರಿನಲ್ಲಿ ವರ್ಷಕ್ಕೆ ನಾಲ್ಕು ಹುಡುಗರಿಗೆ, ಎರಡೂ ಕಡೆಯಿಂದ, ರಿವೈಂಡಿಂಗ್ ಕಲಿಸುವ ವ್ಯವಸ್ಥೆ ಮಾಡಿದರೆ ಅದು ಹೆಚ್ಚು ಗಟ್ಟಿ ಸ್ಮಾರಕವಾದೀತು. ಮೋಟರಿನ ಮೇಲೆ ಬಗ್ಗಿ ಒಟ್ಟಿಗೆ ಕೆಲಸ ಕಲಿತವರು ಒಂದೇ ತಾಟಿನ ಮಂಡಕ್ಕಿ ತಿನ್ನುವುದು ತಡವಾಗದು. ಅವನ ಹಳೆಯ ಅಂಗಿಗಳನ್ನು ತಾಯಿ ಇಟ್ಟುಕೊಂಡಿದ್ದರೆ, ಅವರ ಮನಸ್ಸಿಗೆ ಒಪ್ಪಿದರೆ ಮಾತ್ರ, ಓಣಿಯ ಹೆಣ್ಣುಮಕ್ಕಳು ಕೂಡಿ ಒಂದು ಕೌದಿ ಹೊಲಿಯಬಹುದು. ಹೊಲಿಯುತ್ತ ಕೂತಾಗ ಬರುವ ಮಾತು ಸಂದರ್ಶನದಲ್ಲಿ ಬರುವುದಿಲ್ಲ.

ಕಾರ್ಯಕ್ರಮಕ್ಕೆ ಸತ್ತ ದಿನಕ್ಕಿಂತ ಹುಟ್ಟಿದ ದಿನ ಲೇಸು ಎಂಬುದು ನನ್ನ ಅನಿಸಿಕೆ, ಆದರೆ ದಿನವನ್ನು ತಾಯಿಯೇ ಹೇಳಲಿ. ಪ್ರದರ್ಶನವನ್ನು ಕೇರಿಯ ಭವನದಲ್ಲಷ್ಟೇ ಇಟ್ಟರೆ, ಎಲ್ಲ ಗೊತ್ತಿದ್ದವರೇ ಮತ್ತೊಮ್ಮೆ ಅತ್ತು ಮನೆಗೆ ಹೋಗುತ್ತಾರೆ. ಪ್ರೌಢಶಾಲೆಯ ಅಂಗಳ ಅಥವಾ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಕೇಳಿ ನೋಡಿ. ಬಯಲಿನಲ್ಲಿ ರಾತ್ರಿ ಕೂತು ಒಂದು ಕೊಲೆಯ ಕಥೆ ನೋಡುವುದು ಈ ಸೀಮೆಗೆ ಹೊಸದಲ್ಲ. ಬೈಲಹೊಂಗಲದ ಘಟನೆಯ ಮೇಲೆ ಕಟ್ಟಿದ ಸಂಗ್ಯಾ-ಬಾಳ್ಯಾ ಸಣ್ಣಾಟವನ್ನು ನಮ್ಮ ಅಜ್ಜಂದಿರು ಬೆಳಗಾಗುವವರೆಗೆ ನೋಡುತ್ತಿದ್ದರು. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಬೇಕು, ಕಿರು ಸಾಕ್ಷ್ಯಚಿತ್ರಕ್ಕೂ. ಅದನ್ನು ಕೊಡುವ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ, ಸಮಯ ಇಟ್ಟುಕೊಂಡು ಅರ್ಜಿ ಹಾಕಿ. ಚಿತ್ರ ಮುಗಿದ ಮೇಲೆ ಭಾಷಣಕಾರರನ್ನು ಕರೆಯಬೇಡಿ. ದೀಪ ಹಾಕಿ, ಹತ್ತು ನಿಮಿಷ ಸುಮ್ಮನೆ ಬಿಟ್ಟು, ಮೈಕನ್ನು ಊರವರ ಕೈಗೆ ಕೊಡಿ. ಯಾರೂ ಮಾತನಾಡದಿದ್ದರೂ ಚಿಂತೆಯಿಲ್ಲ. ಅಲ್ಲಿ ಬಂದ ದೂರುಗಳನ್ನು ಮಾತ್ರ ಬರೆದುಕೊಳ್ಳಿ. ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಿಮ್ಮ ಪಟ್ಟಿ ಆ ಸಭೆಗೆ ಲಿಖಿತವಾಗಿ ಹೋಗಲಿ, ಸ್ವೀಕೃತಿ ಪಡೆಯಿರಿ. 14566 ಎಂಬ ದೌರ್ಜನ್ಯ ತಡೆ ಸಹಾಯವಾಣಿಯ ಸಂಖ್ಯೆಯನ್ನು ಚಹಾದ ಅಂಗಡಿಯ ಗೋಡೆಯ ಮೇಲೆ ಬರೆಸಲು ಅಂಗಡಿಯವರು ಒಪ್ಪುವ ದಿನವನ್ನೂ ಚಿತ್ರೀಕರಿಸಿಕೊಳ್ಳಿ.

ಹಾಗಾಗಿ ಮುಂದಿನ ವಾರ ಕ್ಯಾಮೆರಾ ಬಾಡಿಗೆಗೆ ತರಬೇಡಿ. ಒಂದು ನೋಟ್‌ಬುಕ್ ಹಿಡಿದು, ಇಬ್ಬಿಬ್ಬರಾಗಿ, ಅವನು ಸುತ್ತಿದ ಮೋಟರುಗಳಿರುವ ಹೊಲಗಳಿಗೆ ಹೋಗಿ, ಯಾರ ಮೋಟರು, ಯಾವ ವರ್ಷ, ಈಗ ನಡೆಯುತ್ತಿದೆಯೇ ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ಮೊದಲು ತಾಯಿಗೆ ಓದಿ ಹೇಳಿ.